ಹ್ಯಾಮ್ (ಹವ್ಯಾಸಿ) ರೇಡಿಯೊಗೆ ಎಂಡ್-ಫೆಡ್ (ಒಂದು ತುದಿಯಿಂದ ಸಂಕೇತ ಕೊಡುವ) ತಂತಿ ಆಂಟೆನಾ ಕಿಟ್: ಮೂರು ವರ್ಷ ಬಳಸಿದ ಮೇಲೆ (5ಕ್ಕೆ 4)

49:1 ಟ್ರಾನ್ಸ್‌ಫಾರ್ಮರ್, 20.2 ಮೀಟರ್ ತಂತಿ. ಇಷ್ಟರಲ್ಲೇ 40, 20, 15, 10 ಮೀಟರ್ ಬ್ಯಾಂಡ್‌ಗಳು (ತರಂಗಾಂತರದ ಪಟ್ಟಿಗಳು) ಟ್ಯೂನರ್, ಅಂದರೆ ಆಂಟೆನಾವನ್ನು ರೇಡಿಯೊಗೆ ಹೊಂದಿಸುವ ಪೆಟ್ಟಿಗೆ, ಇಲ್ಲದೆ ಸಿಗುತ್ತವೆ. ಬೆಂಗಳೂರಿನ ತಾರಸಿಗೂ ಫಿನ್ಲೆಂಡಿನ ಉತ್ತರ ತುದಿಯ ಇನಾರಿಯ ಬೇಸಿಗೆ ಕ್ಯಾಂಪಿಗೂ ಇದೇ ಸಾಕು. ಆದರೆ ಕಿಟ್ ಬಂದ ಹಾಗೆಯೇ ಕಾಡಿಗೆ ಒಯ್ಯಬೇಡಿ.

ಇದರ ನಿಜವಾದ ದೌರ್ಬಲ್ಯ ತಂತಿ ಟ್ರಾನ್ಸ್‌ಫಾರ್ಮರ್ ಡಬ್ಬಿಯ ಬೋಲ್ಟಿಗೆ ಸೇರುವ ಜಾಗ. ಗಾಳಿಗೆ ತೂಗಾಡುತ್ತ ಅದು ಒಂದೇ ಕಡೆ ಬಾಗುತ್ತದೆ. ಒಳಗಿನ ಎಳೆಗಳು ಒಂದೊಂದೇ ತುಂಡಾಗುತ್ತವೆ, ಮೇಲಿನ ಪಿವಿಸಿ ಮಾತ್ರ ನೆಟ್ಟಗಿರುತ್ತದೆ. ಗಾಳಿ ಬೀಸಿದಾಗಲೆಲ್ಲ ಎಸ್‌ಡಬ್ಲ್ಯೂಆರ್ (ಆಂಟೆನಾ ರೇಡಿಯೊಗೆ ಎಷ್ಟು ಹೊಂದುತ್ತಿಲ್ಲ ಎಂಬುದರ ಅಳತೆ) ಜಿಗಿದರೆ ಮೊದಲು ಇಲ್ಲೇ ಹಿಸುಕಿ ನೋಡಿ. ಡಬ್ಬಿಯ ಅಂಚಿನಲ್ಲಿ 4 ಮಿ.ಮೀ.ನ ಎರಡು ತೂತು ಕೊರೆದು, ತಂತಿಯನ್ನು ಅವುಗಳಲ್ಲಿ ಹೊಸೆದು, ನಂತರ ಬೋಲ್ಟಿಗೆ ತನ್ನಿ. ಎಳೆತವೆಲ್ಲ ಡಬ್ಬಿಯ ಮೇಲೆ ಬೀಳುತ್ತದೆ. ತಳದಲ್ಲೂ 3 ಮಿ.ಮೀ. ತೂತಿರಲಿ, ಒಳಗೆ ಕಟ್ಟಿದ ಇಬ್ಬನಿ ಇಳಿದುಹೋಗಲು.

ಮುಚ್ಚಳ ತೆಗೆದಾಗ ಸುತ್ತುಗಳನ್ನೂ ಎಣಿಸಿಬಿಡಿ: ರೇಡಿಯೊ ಬದಿ 2, ತಂತಿ ಬದಿ 14, ಇನ್‌ಪುಟ್ಟಿಗೆ ಅಡ್ಡಲಾಗಿ 100 ಪಿಕೊಫ್ಯಾರಡ್ ಕೆಪಾಸಿಟರ್. ಕೋರ್ (ಸುತ್ತುಗಳ ನಡುವಿನ ಕಾಂತೀಯ ಬಳೆ) ಚಿಕ್ಕದಾಗಿದ್ದರೆ ಎಫ್‌ಟಿ8 ಎಂಬ ಡಿಜಿಟಲ್ ಸಂದೇಶ ವಿಧಾನದಲ್ಲಿ 5 ವಾಟ್ ದಾಟಬೇಡಿ. ಸುಮಾರು 13 ಸೆಕೆಂಡ್ ಬಿಡದೆ ಕಳಿಸುವಾಗ ಕೋರ್ ಬಿಸಿಯಾಗಿ ಎಸ್‌ಡಬ್ಲ್ಯೂಆರ್ ಮೆಲ್ಲಗೆ ಏರುತ್ತದೆ. ಕೌಂಟರ್‌ಪಾಯಿಸ್ (ಆಂಟೆನಾದ ವಿದ್ಯುತ್ತಿಗೆ ಮರಳುವ ದಾರಿ) ಆಗಿ 2 ಮೀಟರ್ ತಂತಿ ಕಟ್ಟಿ. ಇಲ್ಲವಾದರೆ ರೇಡಿಯೊದಿಂದ ಬರುವ ಕೋ-ಆಕ್ಸ್ ಕೇಬಲ್ಲಿನ ಹೊರಮೈಯೇ ಆಂಟೆನಾ ಆಗಿ, ಮೈಕ್ ಹಿಡಿದ ಕೈಗೆ ಚುರುಕ್ಕೆನ್ನುತ್ತದೆ.

ಇನಾರಿಯಲ್ಲಿ ಮಣ್ಣಿನ ಪದರ ತೆಳು, ಗೂಟ ಬಂಡೆಗೆ ತಾಗಿ ನಿಲ್ಲುತ್ತದೆ. 7 ಮೀಟರ್ ಫೈಬರ್ ಕಂಬದ ಹಗ್ಗಗಳನ್ನು ದೊಡ್ಡ ಕಲ್ಲುಗಳಿಗೇ ಬಿಗಿಯಿರಿ. ಜಾಗ ಬದಲಾದಂತೆ ರೆಸೊನೆನ್ಸ್ (ಆಂಟೆನಾ ಸರಿಯಾಗಿ ಹೊಂದುವ ಆವರ್ತನ) ಸರಿಯುತ್ತದೆ, ಹಾಗೆಂದು ತಂತಿ ಕತ್ತರಿಸಬೇಡಿ. ತುದಿಯಲ್ಲಿ 10 ಸೆಂ.ಮೀ. ಮಡಚಿ ಸುತ್ತಿದರೆ 7 ಮೆಗಾಹರ್ಟ್ಸ್‌ನಲ್ಲಿ ಹೆಚ್ಚುಕಡಿಮೆ 35 ಕಿಲೋಹರ್ಟ್ಸ್ ಮೇಲೇರುತ್ತದೆ. ಆ ತುದಿಯಲ್ಲಿ ವೋಲ್ಟೇಜ್ ಜಾಸ್ತಿ, ಕೈಗೂ ಒದ್ದೆ ಕೊಂಬೆಗೂ ಎಟುಕಬಾರದು.

ಬ್ಯಾಂಡ್ ಏಕಾಏಕಿ ಸತ್ತರೆ ಆಂಟೆನಾ ಬಿಚ್ಚುವ ಮೊದಲು ಭೂಮಿಯ ಕಾಂತಕ್ಷೇತ್ರದ ಕಲಕಾಟ ಅಳೆಯುವ ಕೆಪಿ ಸೂಚ್ಯಂಕ ನೋಡಿ. ಅದು 5 ಮುಟ್ಟಿದರೆ ಭೂಕಾಂತ ಬಿರುಗಾಳಿ ಎಂದರ್ಥ. ಇನಾರಿಯಂಥ ಧ್ರುವಪ್ರಭೆಯ ವಲಯದಡಿ ಎಚ್‌ಎಫ್ (ಈ ಬ್ಯಾಂಡ್‌ಗಳಿರುವ ಶಾರ್ಟ್‌ವೇವ್) ಮಾಯವಾಗಬಹುದು, ಇಲ್ಲವೇ ಧ್ವನಿ ಪಟಪಟ ನಡುಗುತ್ತ ಬರಬಹುದು. ಕಾಯುವುದೊಂದೇ ದಾರಿ.

ಜೊತೆಗೆ 12.8 ವೋಲ್ಟ್, 6 ಆಂಪಿಯರ್-ಅವರ್ ಲಿಥಿಯಂ ಫಾಸ್ಫೇಟ್ ಬ್ಯಾಟರಿ ಒಳ್ಳೆಯ ಜೋಡಿ. 76.8 ವಾಟ್-ಅವರ್ ಆದ್ದರಿಂದ ವಿಮಾನದ ಕೈಚೀಲದ 100ರ ಮಿತಿಯೊಳಗೇ ಇದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಸೆಲ್ ಹಾಳಾಗುತ್ತದೆ. ನಮ್ಮೂರಲ್ಲಿ ಮಾಡುವಂತೆ ಸೋಲಾರ್ ಹಲಗೆಯನ್ನು ಅಲ್ಲಿ ಮಲಗಿಸಿಡಬೇಡಿ. ಜೂನ್ ಕೊನೆಯಲ್ಲಿ ನಡುರಾತ್ರಿಯ ಸೂರ್ಯ ದಿಗಂತದಿಂದ ಎರಡೂವರೆ ಡಿಗ್ರಿಯಷ್ಟೇ ಮೇಲಿರುತ್ತಾನೆ. ಆ ಹೊತ್ತಿನಲ್ಲಿ ಉತ್ತರಕ್ಕೆ ಮುಖ ಮಾಡಿ ನೆಟ್ಟಗೆ ನಿಲ್ಲಿಸಿ.