ಎರಡು ಪೆನ್ನು, ಎರಡು ಪಾತ್ರ

ಚಿತ್ರಕಲಾ ಪದವಿಯ ಕೊನೆಯ ವರ್ಷದ ಪ್ರಾಜೆಕ್ಟಿಗೆ ಒಂದಕ್ಕೊಂದು ಎದುರಾಗಿ ನಿಲ್ಲುವ ಜೋಡಿ ಪಾತ್ರಗಳನ್ನು ರೂಪಿಸಬೇಕಿತ್ತು. ನಾನು ಆರಿಸಿಕೊಂಡದ್ದು ಒಬ್ಬ ಹಮಾಲಿಯನ್ನು ಮತ್ತು ಕೈಗಡಿಯಾರ ರಿಪೇರಿ ಮಾಡುವ ಒಬ್ಬ ಹೆಂಗಸನ್ನು. ಬಣ್ಣ ಬೇಡ, ಕಂಪ್ಯೂಟರ್ ಬೇಡ, ಪೂರ್ತಿ ಕೆಲಸ ಕಪ್ಪು ಶಾಯಿಯಲ್ಲೇ ಆಗಬೇಕು ಎಂದು ನಿರ್ಧರಿಸಿದ್ದರಿಂದ ಮೊದಲ ಕರಡಿನಿಂದ ಕೊನೆಯ ಹಾಳೆಯವರೆಗೆ ಎರಡೇ ಬಗೆಯ ಪೆನ್ನುಗಳು ನನ್ನ ಕೈಯಲ್ಲಿದ್ದವು: ಕುಂಚದ ಮೊನೆಯ ಪೆಂಟೆಲ್ ಪಾಕೆಟ್ ಬ್ರಷ್ ಮತ್ತು ಬೇರೆ ಬೇರೆ ಅಳತೆಯ ಸಣ್ಣ ಮೊನೆಗಳಲ್ಲಿ ಬರುವ ಸಕುರಾ ಪಿಗ್ಮಾ ಮೈಕ್ರಾನ್. ಇವುಗಳ ಬಗ್ಗೆ ಬೇರೆ ಬೇರೆಯಾಗಿ ಬರೆದವರು ಬಹಳ ಮಂದಿ. ಜೋಡಿ ಪಾತ್ರದ ಕೆಲಸಕ್ಕೆ ಇವೆರಡನ್ನೂ ಒಟ್ಟಿಗೇ ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಪಾಕೆಟ್ ಬ್ರಷ್ ಮುಚ್ಚಳ ಹಾಕಿದಾಗ ಸಾಮಾನ್ಯ ಇಂಕ್ ಪೆನ್ನಿನಂತೆ ಕಾಣುತ್ತದೆ. ಮುಚ್ಚಳ ತೆಗೆದರೆ ಒಳಗಿರುವುದು ನಿಜವಾದ ಕುಂಚ. ಸ್ಪಂಜಿನಂಥ ಮೊನೆಯಲ್ಲ, ಬಿಡಿಬಿಡಿ ಕೃತಕ ಎಳೆಗಳು. ಶಾಯಿ ಕಾರ್ಟ್ರಿಜ್‌ನಿಂದ ಇಳಿಯುತ್ತದೆ, ಮುಗಿದರೆ ಹೊಸ ಕಾರ್ಟ್ರಿಜ್ ಹಾಕಿಕೊಳ್ಳಬಹುದು. ಕಾಗದಕ್ಕೆ ಸೋಕಿಯೂ ಸೋಕದಂತೆ ಎಳೆದರೆ ಕೂದಲಷ್ಟು ತೆಳುವಾದ ಗೆರೆ, ಒತ್ತಿದರೆ ಹಲವು ಮಿಲಿಮೀಟರ್ ಅಗಲದ ಗೆರೆ. ಇವೆರಡರ ನಡುವಿನ ಎಲ್ಲ ಹಂತಗಳೂ ಒಂದೇ ಬೀಸಿನಲ್ಲಿ ಸಿಗುತ್ತವೆ. ಹಮಾಲಿಯ ಬೆನ್ನನ್ನು ಕತ್ತಿನಿಂದ ಸೊಂಟದವರೆಗೆ ಒಂದೇ ಎಳೆತದಲ್ಲಿ ಬರೆದಾಗ, ಮೂಟೆ ಕೂತ ಜಾಗದಲ್ಲಿ ಗೆರೆ ತಾನಾಗಿಯೇ ದಪ್ಪವಾಗಿ, ಕೆಳಗೆ ಇಳಿಯುತ್ತ ಸಣ್ಣದಾಯಿತು. ಆ ಮನುಷ್ಯ ಎಷ್ಟು ಭಾರ ಹೊತ್ತಿದ್ದಾನೆ ಎಂಬುದು ಮೂಟೆಯನ್ನು ಬರೆಯುವ ಮೊದಲೇ ಹಾಳೆಯ ಮೇಲೆ ಕಾಣುತ್ತಿತ್ತು.

ಪಾತ್ರ ವಿನ್ಯಾಸದ ಮೊದಲ ಹಂತಕ್ಕೆ ಈ ಕುಂಚವನ್ನು ಮೀರಿಸಿದ್ದು ಇನ್ನೊಂದಿಲ್ಲ. ಮೊದಲ ಹಂತವೆಂದರೆ ನೆರಳಾಕೃತಿ. ಕಣ್ಣು, ಮೂಗು, ಗುಂಡಿ, ಜೇಬು ಯಾವುದೂ ಇಲ್ಲದೆ ಪಾತ್ರವನ್ನು ಬರೀ ಕಪ್ಪು ಆಕಾರವಾಗಿ ತುಂಬುವುದು, ಹೆಬ್ಬೆರಳಿನಷ್ಟು ಚಿಕ್ಕದಾಗಿ. ಪೆನ್ಸಿಲ್ ಹಿಡಿದರೆ ಕೈ ವಿವರಗಳಿಗೆ ಓಡುತ್ತದೆ. ಈ ಕುಂಚದಲ್ಲಿ ಅಷ್ಟು ಸಣ್ಣ ಅಳತೆಯಲ್ಲಿ ವಿವರ ಬರೆಯಲು ಕೈ ತುಂಬ ಪಳಗಿರಬೇಕು, ಆದ್ದರಿಂದ ಕೈ ಆಕಾರದ ಮೇಲೆಯೇ ನಿಲ್ಲುತ್ತದೆ. ವಯಸ್ಕರ ಎತ್ತರವನ್ನು ಸಾಮಾನ್ಯವಾಗಿ ತಲೆಯ ಉದ್ದದ ಏಳೂವರೆ ಪಟ್ಟು ಎಂದು ಲೆಕ್ಕ ಹಾಕುತ್ತಾರೆ. ಹಮಾಲಿಯನ್ನು ಐದು ತಲೆಗೆ ಇಳಿಸಿದೆ, ಗಡಿಯಾರದವಳನ್ನು ಎಂಟಕ್ಕೆ ಏರಿಸಿದೆ. ಅವನಿಗೆ ಚೌಕ, ಅವಳಿಗೆ ಉದ್ದನೆಯ ತ್ರಿಕೋನ.

ಗಿಡ್ಡ ಮತ್ತು ಉದ್ದ, ದಪ್ಪ ಮತ್ತು ಸಣಕಲು ಎಂಬ ವ್ಯತ್ಯಾಸ ಕಣ್ಣಿಗೆ ಬೇಗ ಬೀಳುತ್ತದೆ, ಅಷ್ಟೇ ಬೇಗ ಹಳಸುತ್ತದೆ. ಸಾಲು ಸಾಲು ನೆರಳಾಕೃತಿಗಳನ್ನು ಒಂದೇ ನೆಲದ ಗೆರೆಯ ಮೇಲೆ ಅಕ್ಕಪಕ್ಕ ನಿಲ್ಲಿಸಿ ನೋಡಿದಾಗ ನನ್ನ ಮನಸ್ಸನ್ನು ಹಿಡಿದದ್ದು ಎತ್ತರವಲ್ಲ, ದೇಹದ ದಿಕ್ಕು. ಹಮಾಲಿಯ ಮೈಯೆಲ್ಲ ಮುಂದಕ್ಕೆ ತಳ್ಳುತ್ತಿದೆ, ಅವನು ಹಾಳೆಯಿಂದ ಹೊರಗೆ ಹೊರಟಿದ್ದಾನೆ. ಅವಳ ಮೈಯೆಲ್ಲ ಒಂದು ಬಿಂದುವಿನ ಕಡೆಗೆ ಮುದುಡುತ್ತಿದೆ: ಭುಜ, ಕತ್ತು, ಮೊಣಕೈ ಎಲ್ಲವೂ ಬೆರಳ ತುದಿಯಲ್ಲಿ ಸೇರುತ್ತವೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂಥ ಜೋಡಿ ಸಿಕ್ಕಿದ್ದು ಆಗಲೇ. ಅಲ್ಲಿಂದ ಮುಂದೆ ಇಬ್ಬರ ಎತ್ತರವನ್ನು ಧೈರ್ಯವಾಗಿ ಹತ್ತಿರ ತಂದೆ. ಹಮಾಲಿ ಆರು ತಲೆ, ಅವಳು ಏಳು. ಆದರೂ ದೂರದಿಂದ ನೋಡಿದರೆ ಯಾರು ಯಾರೆಂದು ಗೊಂದಲವಾಗುವುದಿಲ್ಲ.

ಮೈಕ್ರಾನ್‌ನ ಸ್ವಭಾವ ಕುಂಚಕ್ಕೆ ತದ್ವಿರುದ್ಧ. ಒತ್ತಿದರೂ ಒತ್ತದಿದ್ದರೂ ಗೆರೆಯ ಅಗಲ ಹೆಚ್ಚುಕಡಿಮೆ ಅದೇ. ಪೆನ್ನಿನ ಮೇಲಿರುವ ಸಂಖ್ಯೆಯನ್ನು ಮಿಲಿಮೀಟರ್ ಎಂದು ಓದಬಾರದು: 005 ಎಂದರೆ 0.20 ಮಿ.ಮೀ., 01 ಎಂದರೆ 0.25, 05 ಎಂದರೆ 0.45, 08 ಎಂದರೆ 0.50. ಗಡಿಯಾರದವಳ ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ, ಚಿಮಟ, ಬಿಚ್ಚಿಟ್ಟ ಹಲ್ಲಿನ ಚಕ್ರಗಳು, ಹುಬ್ಬಿನ ನಡುವಿನ ಗೆರೆಗಳು ಇವೆಲ್ಲ 005ರ ಕೆಲಸ. ಬಟ್ಟೆಯ ಮಡಿಕೆಗೆ ಅಡ್ಡಗೆರೆ ಹೆಣೆಯಲು 01 ಸಾಕು. ಈ ಪೆನ್ನನ್ನು ಕಾಗದಕ್ಕೆ ಸಾಧ್ಯವಾದಷ್ಟು ನೇರವಾಗಿ ಹಿಡಿಯಬೇಕು, ಭಾರ ಬಿಡಬಾರದು. ಅತಿ ಸಣ್ಣ ಮೊನೆಗಳು ಒತ್ತಡ ತಾಳುವುದಿಲ್ಲ, ಒಳಗೆ ಸರಿಯುತ್ತವೆ. ಬಾಲ್‌ಪೆನ್ನಿನಂತೆ ಒತ್ತಿ ಬರೆಯುವವರು 03 ಅಥವಾ 05ರಿಂದ ಶುರುಮಾಡುವುದು ಒಳ್ಳೆಯದು. ಶಾಯಿ ಮುಗಿದರೆ ಮತ್ತೆ ತುಂಬಲು ಬರುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ. ಹಾಳೆಗಟ್ಟಲೆ ಬರೆಯುವ ವಿದ್ಯಾರ್ಥಿಗೆ ಅದು ಸಣ್ಣ ವಿಷಯವಲ್ಲ.

ಇಲ್ಲಿಯವರೆಗೆ ಹಮಾಲಿಗೆ ಕುಂಚ, ಗಡಿಯಾರದವಳಿಗೆ ಮೈಕ್ರಾನ್ ಎಂಬ ಹಂಚಿಕೆ ಸಹಜವಾಗಿ ಕಾಣುತ್ತದೆ. ಇದನ್ನು ಒಮ್ಮೆ ತಿರುಗಿಸಿ ನೋಡಿ ಎಂಬುದು ಈ ಪೆನ್ನುಗಳನ್ನು ಕೊಳ್ಳುವವರಿಗೆ ನಾನು ಒತ್ತಿ ಹೇಳುವ ಮಾತು. ಹಮಾಲಿಯನ್ನು 005ರಲ್ಲಿ ಬರೆದೆ, ಗಡಿಯಾರದವಳನ್ನು ಕುಂಚದಲ್ಲಿ. ದಪ್ಪ ಗೆರೆಯ ಆಸರೆ ಹೋದಮೇಲೂ ಹಮಾಲಿ ಭಾರವಾಗಿ ಕಾಣುತ್ತಾನೆಯೇ? ಕಾಣುವುದಾದರೆ ಅವನ ಭಾರ ಆಕಾರದಲ್ಲಿದೆ. ಕಾಣದಿದ್ದರೆ ಅದು ಬರೀ ಶಾಯಿಯ ಭಾರ. ನನ್ನ ಹಮಾಲಿ ಈ ಪರೀಕ್ಷೆಯಲ್ಲಿ ಗೆದ್ದದ್ದು ಮಾತ್ರವಲ್ಲ, ಹೊಸದೊಂದನ್ನು ತೋರಿಸಿಕೊಟ್ಟ. ತೆಳು ಗೆರೆಯಲ್ಲಿ ಬರೆದಾಗ ಅವನ ಮುಖದಲ್ಲಿ ನಾನು ಅಲ್ಲಿಯವರೆಗೆ ಕಂಡಿರದ ಒಂದು ಮೃದುತ್ವ ಬಂತು, ಭಾರ ಇಳಿಸಿದ ಮೇಲಿನ ಮುಖ. ಕುಂಚದಲ್ಲಿ ಬರೆದ ಗಡಿಯಾರದವಳಲ್ಲಿ ಸಿಟ್ಟು ಕಾಣಿಸಿತು. ಅಂತಿಮ ಹಾಳೆಗಳಲ್ಲಿ ಇಬ್ಬರೂ ದುಡಿಯುವಾಗ ತಮ್ಮ ತಮ್ಮ ಪೆನ್ನಿನಲ್ಲಿ ಇರುತ್ತಾರೆ, ಒಬ್ಬರು ಇನ್ನೊಬ್ಬರನ್ನು ನೋಡುವ ಚಿತ್ರಗಳಲ್ಲಿ ಪೆನ್ನು ಅದಲುಬದಲಾಗುತ್ತದೆ. ಕೈಗಳನ್ನು ಮಾತ್ರ ಇಬ್ಬರಿಗೂ ಒಂದೇ ಬಗೆಯಾಗಿ ಬರೆದೆ, ಗೆಣ್ಣು ಉಬ್ಬಿದ ದುಡಿಮೆಯ ಕೈಗಳು. ಎಲ್ಲದರಲ್ಲೂ ಬೇರೆಯಾದ ಇಬ್ಬರನ್ನು ಪಕ್ಕಪಕ್ಕ ನಿಲ್ಲಿಸಿದರೆ ಅವರು ಒಂದೇ ಕಥೆಗೆ ಸೇರಿದವರು ಎಂದು ನೋಡುವವರಿಗೆ ನಂಬಿಕೆ ಹುಟ್ಟುವುದಿಲ್ಲ.

ಶಾಯಿಯ ವಿಷಯ. ಎರಡರದ್ದೂ ಪಿಗ್ಮೆಂಟ್ ಶಾಯಿ, ಎಂದರೆ ನೀರಿನಲ್ಲಿ ಕರಗದ ಬಣ್ಣದ ಕಣಗಳಿರುವ ಶಾಯಿ; ಪೂರ್ತಿ ಒಣಗಿದ ಮೇಲೆ ನೀರು ತಾಗಿದರೂ ಹರಡುವುದಿಲ್ಲ. ‘ಪೂರ್ತಿ’ ಎಂಬುದನ್ನು ಮರೆಯಬಾರದು. ಕುಂಚದಿಂದ ಗಾಢವಾಗಿ ತುಂಬಿದ ಜಾಗ ನುಣುಪು ಕಾಗದದ ಮೇಲೆ ನಿಧಾನವಾಗಿ ಒಣಗುತ್ತದೆ, ಎಡಗೈಯಲ್ಲಿ ಬರೆಯುವವರು ಅಂಗೈ ಕೆಳಗೆ ಒಂದು ಚೂರು ಕಾಗದ ಇಟ್ಟುಕೊಳ್ಳಲೇಬೇಕು. ಪೆನ್ಸಿಲ್ ಗೆರೆ ಅಳಿಸಲು ರಬ್ಬರ್ ಉಜ್ಜಿದರೆ ಮೈಕ್ರಾನ್ ಗೆರೆ ಸ್ವಲ್ಪ ಮಸುಕಾಗುತ್ತದೆ. ಆದ್ದರಿಂದ ಪೆನ್ಸಿಲ್ ಕರಡನ್ನು ಹಗುರವಾಗಿಡಬೇಕು, ಅಳಿಸಿದ ಮೇಲೆ ಮುಖ್ಯ ಗೆರೆಗಳನ್ನು ಇನ್ನೊಮ್ಮೆ ತಿದ್ದಬೇಕು. ಒರಟು ಕಾಗದದಲ್ಲಿ ಕುಂಚವನ್ನು ಬೇಗ ಎಳೆದರೆ ನಡುನಡುವೆ ಬಿಳಿ ಬಿಟ್ಟುಕೊಳ್ಳುವ ಒಣ ಗೆರೆ ಬರುತ್ತದೆ. ಗೋಣಿಚೀಲಕ್ಕೆ, ಹಮಾಲಿಯ ಗಡ್ಡಕ್ಕೆ ಅದು ಬಹಳ ಚೆನ್ನ. ಅದೇ ಕಾಗದ 005ರ ಮೊನೆಯನ್ನು ಬೇಗ ಸವೆಸುತ್ತದೆ. ಎರಡನ್ನೂ ಒಂದೇ ಹಾಳೆಯಲ್ಲಿ ಬಳಸುವವರು ನುಣುಪು ಕಾಗದವನ್ನೇ ಆರಿಸಿ, ಒಣ ಗೆರೆಗಾಗಿ ಕುಂಚವನ್ನು ಮೊದಲು ಚೂರು ಕಾಗದಕ್ಕೆ ಒರೆಸಿಕೊಳ್ಳುವುದು ಮೇಲು.

ಹೊಸ ಪಾಕೆಟ್ ಬ್ರಷ್‌ಗೆ ಕಾರ್ಟ್ರಿಜ್ ಸಿಕ್ಕಿಸಿದ ತಕ್ಷಣ ಶಾಯಿ ತುದಿಗೆ ಬರುವುದಿಲ್ಲ. ಮೊನೆ ಕೆಳಗೆ ಮಾಡಿ ಸ್ವಲ್ಪ ಹೊತ್ತು ಕಾಯಬೇಕು. ಮುಚ್ಚಳ ಹಾಕುವಾಗ ಎಳೆಗಳು ಅಂಚಿಗೆ ಸಿಕ್ಕಿ ಬಾಗದಂತೆ ಎಚ್ಚರ ವಹಿಸಬೇಕು, ತುದಿ ಒಮ್ಮೆ ಕವಲೊಡೆದರೆ ಕೂದಲಿನಂಥ ಗೆರೆ ಹೋಯಿತೆಂದೇ ಲೆಕ್ಕ. ಒಂದನ್ನೇ ಕೊಳ್ಳಲು ಸಾಧ್ಯವಿರುವ ವಿದ್ಯಾರ್ಥಿಗಳು ಕುಂಚವನ್ನು ಕೊಳ್ಳಲಿ, ಕಷ್ಟಪಟ್ಟು ಅಭ್ಯಾಸ ಮಾಡಿದರೆ ಅದು ತೆಳು ಗೆರೆಯನ್ನೂ ಕೊಡುತ್ತದೆ. ಎರಡನೆಯದಕ್ಕೆ ಹಣ ಕೂಡಿದಾಗ ಮೈಕ್ರಾನ್‌ನ ಇಡೀ ಸೆಟ್ ಬೇಕಾಗಿಲ್ಲ, 01 ಮತ್ತು 05 ಬಿಡಿಯಾಗಿ ತೆಗೆದುಕೊಂಡರೆ ಜೋಡಿ ಪಾತ್ರದ ಒಂದು ಪ್ರಾಜೆಕ್ಟಿನ ಬಹುಪಾಲು ಕೆಲಸ ನಡೆಯುತ್ತದೆ.