ಆ್ಯಪ್, ವಾಚ್, ಮಾತಾಡೋ ಗುಂಡಿ: ನನ್ನ ತಂಗಿಗೆ ಯಾವುದು ಒಗ್ಗಿತು

ನನ್ನ ತಂಗಿಗೆ 23 ವರ್ಷ. ಬುದ್ಧಿ ಬೆಳವಣಿಗೆ ನಿಧಾನ. ಓದಲು ಬರುವುದಿಲ್ಲ, ಚಿಕ್ಕ ಚಿಕ್ಕ ಮಾತು ಆಡುತ್ತಾಳೆ. ಎರಡು ವರ್ಷದ ಹಿಂದೆ ಗೊತ್ತಿದ್ದವರೊಬ್ಬರಿಂದಲೇ ಅವಳ ಮೇಲೆ ದೌರ್ಜನ್ಯ ನಡೆಯಿತು. ವಿವರ ಅವಳಿಗೆ ಸೇರಿದ್ದು, ಇಲ್ಲಿ ಬರೆಯುವುದಿಲ್ಲ. ಕೌನ್ಸೆಲಿಂಗ್ ನಡೀತಾ ಇದೆ. ಆದರೆ ಅದು ವಾರಕ್ಕೆ ಒಂದೇ ಗಂಟೆ. ಭಯಕ್ಕೆ ಹೊತ್ತುಗೊತ್ತಿಲ್ಲ, ಸ್ನಾನದ ಹೊತ್ತಿಗಂತೂ ಜಾಸ್ತಿ. ನಾನು ಪಕ್ಕದಲ್ಲಿ ಇಲ್ಲದಾಗ ಅವಳೇ ಸುಧಾರಿಸಿಕೊಳ್ಳಲು ಏನಾದರೂ ಬೇಕಿತ್ತು. ದಾವಣಗೆರೆಯ ನಮ್ಮ ಮನೆಯಲ್ಲಿ ಎಂಟು ತಿಂಗಳಲ್ಲಿ ಮೂರನ್ನು ಬಳಸಿ ನೋಡಿದೆವು.

ಮೊದಲು ಉಸಿರಾಟ ಕಲಿಸುವ ಆ್ಯಪ್. ಹಿಗ್ಗಿ ಕುಗ್ಗುವ ನೀಲಿ ಗುಳ್ಳೆ ಅವಳಿಗೆ ಇಷ್ಟವಾಯಿತು. ಆದರೆ ಒಂದು ಗಂಡು ದನಿ ಇಂಗ್ಲಿಷಿನಲ್ಲಿ ಕಣ್ಣು ಮುಚ್ಚು ಅನ್ನುತ್ತಿತ್ತು. ನಾನು ಕನ್ನಡದಲ್ಲಿ ಹೇಳಿದ ಕೂಡಲೇ ಫೋನ್ ದೂಡಿಬಿಟ್ಟಳು. ಹೆದರಿದವರಿಗೆ ಕಣ್ಣು ಮುಚ್ಚುವುದೇ ಕಷ್ಟ, ಅಲ್ವಾ? ಇನ್ನೊಂದು ತೊಂದರೆ ತಡವಾಗಿ ಗೊತ್ತಾಯಿತು. 'ಇವತ್ತು ಹೇಗಿದ್ದೀಯ' ಅಂತ ಐದು ಮುಖ ಬರುತ್ತವೆ. ಅವಳು ದಿನಾ ನಗುವ ಮುಖವನ್ನೇ ಒತ್ತುತ್ತಿದ್ದಳು, ರಾತ್ರಿಯೆಲ್ಲ ಅತ್ತಿದ್ದರೂ. ಎದುರಿಗಿದ್ದವರಿಗೆ ಬೇಕಾದ ಉತ್ತರ ಕೊಡುವುದನ್ನೇ ನಾವು ಚಿಕ್ಕಂದಿನಿಂದ ಕಲಿಸಿದ್ದೆವು. ಆ ಮುಖಗಳನ್ನು ನಂಬಿದ್ದರೆ ಅವಳು ಚೆನ್ನಾಗಿದ್ದಾಳೆ ಅಂತಲೇ ತಿಳಿಯುತ್ತಿದ್ದೆ.

ಆಮೇಲೆ ವಾಚ್. ಎದೆಬಡಿತ ಏರಿದರೆ ಕೈಯಲ್ಲಿ ನಡುಗುತ್ತದೆ. ಕುಂದವಾಡ ಕೆರೆ ಸುತ್ತ ಬಿರುಸಾಗಿ ನಡೆದರೂ ನಡುಗಿತು. ಓಡಿದ್ದೋ ಹೆದರಿದ್ದೋ ಅದಕ್ಕೆ ತಿಳಿಯದು. ಅವಳು 'ಅಕ್ಕಾ, ಕೈ ಹಿಡ್ಕೊಂಡ್ರು' ಅಂತ ಕಿರುಚಿದಳು. ಅಲ್ಲೇ ಬಿಚ್ಚಿದೆ. ನಡುಗುವುದನ್ನು ಬಂದ್ ಮಾಡಿ ಮತ್ತೆ ಕಟ್ಟಿದೆ. ಪಕ್ಕದ ಗುಂಡಿ ಒತ್ತಿ ಹಿಡಿದರೆ ನನಗೆ ಫೋನ್ ಬರುತ್ತದೆ, ಇದು ನಿಜಕ್ಕೂ ಉಪಯೋಗ. ಆದರೆ ಅವಳು ಎಲ್ಲಿದ್ದಾಳೆ ಅಂತ ನನ್ನ ಫೋನಿನಲ್ಲಿ ಸದಾ ಕಾಣುತ್ತಿತ್ತು. ಒಂದು ದಿನ ಕೇಳಿದಳು: 'ನೀನು ನನ್ನ ನೋಡ್ತಾನೇ ಇರ್ತೀಯಾ?' ಅವಳನ್ನು ಕೇಳದೇ ಹಾಗೆ ಮಾಡಿದ್ದೆ, ಅದು ತಪ್ಪು. ಈಗ ಹೊರಗೆ ಹೋಗುವಾಗ ಮಾತ್ರ, ಅವಳು ಹೂಂ ಅಂದರೆ ಹಾಕುತ್ತೇವೆ.

ಮೂರನೆಯದು ಮಾತಾಡೋ ಗುಂಡಿ. ಅಂಗೈಯಗಲದ ಪ್ಲಾಸ್ಟಿಕ್ ಗುಂಡಿ. ನಮ್ಮ ದನಿಯನ್ನು 30 ಸೆಕೆಂಡ್ ತುಂಬಿಸಬಹುದು, ಒತ್ತಿದರೆ ಹೇಳುತ್ತದೆ. ಇಂಟರ್ನೆಟ್ ಬೇಡ, ಪಾಸ್‌ವರ್ಡ್ ಬೇಡ, ಅವಳ ವಿಷಯ ಯಾವ ಕಂಪನಿಗೂ ಹೋಗುವುದಿಲ್ಲ. ಬಚ್ಚಲುಮನೆ ಬಾಗಿಲ ಒಳಗಡೆ, ಚಿಲಕದ ಪಕ್ಕ ಅಂಟಿಸಿದೆವು. ಮೊದಲು ನನ್ನ ದನಿ ಹಾಕಿದ್ದೆ: 'ಹೆದರಬೇಡ, ನಾನಿದೀನಿ.' ಎರಡು ದಿನ ಒತ್ತಿದಳು, ಆಮೇಲೆ ಬಿಟ್ಟಳು. ಕೌನ್ಸೆಲರ್ ಮೇಡಂ, ಏನು ಹೇಳಬೇಕು ಅಂತ ಅವಳನ್ನೇ ಕೇಳಿ ಅಂದರು. ಕೇಳಿದೆ. ತುಂಬಾ ಹೊತ್ತು ಚಿಲಕ ಹಾಕಿ ತೆಗೆದು ಮಾಡಿದಳು. ಆಮೇಲೆ ಗುಂಡಿಗೆ ಬಾಯಿ ಹತ್ತಿರ ತಂದು ತಾನೇ ಹೇಳಿದಳು: 'ಚಿಲಕ ನಾನೇ ಹಾಕೀನಿ. ನಾನೇ ತೆಗೀತೀನಿ.' ಈಗ ದಿನಾ ಸ್ನಾನಕ್ಕೆ ಮುಂಚೆ ಒತ್ತುತ್ತಾಳೆ, ಕೆಲವು ಸಲ ಮೂರು ನಾಲ್ಕು ಸಲ.

ಗುಂಡಿಗೂ ಕೊರತೆ ಇದೆ. ಬಾಗಿಲಿಂದ ತೆಗೆದು ಜೊತೆಗೆ ಒಯ್ದು ಬಸ್ಸಿನಲ್ಲಿ ಒತ್ತಿದರೆ ಎಲ್ಲರೂ ತಿರುಗಿ ನೋಡುತ್ತಾರೆ. ಬ್ಯಾಟರಿ ಮುಗಿದ ದಿನ ಅವಳು ಸ್ನಾನಕ್ಕೇ ಹೋಗಲಿಲ್ಲ, ಆದ್ದರಿಂದ ಬೇರೆ ಸೆಟ್ ಡಬ್ಬಿಯಲ್ಲಿ ಇಟ್ಟಿರುತ್ತೇನೆ. ಇನ್ನೊಂದು ಮಾತು: ಈ ಮೂರೂ ಸಮಾಧಾನಕ್ಕೆ ಮಾತ್ರ. ಅಪಾಯ ಅನ್ನಿಸಿದರೆ 112, ಮಹಿಳೆಯರಿಗೆ 181, ಮಕ್ಕಳಿಗೆ 1098. ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಎರಡಕ್ಕೆ ನಾನೇ ಒಮ್ಮೆ ಮಾಡಿದ್ದೇನೆ.

ಮೂರರಲ್ಲಿ ಒಂದನ್ನೇ ಕೊಳ್ಳುವುದಾದರೆ ಗುಂಡಿಯನ್ನೇ ಕೊಳ್ಳಿ. ಅದರೊಳಗೆ ಏನು ಹೇಳಬೇಕು ಅನ್ನುವುದನ್ನು ಅವರಿಗೇ ಬಿಡಿ. ತಂಗಿ ಈಗ ಇನ್ನೊಂದು ಬೇಕು ಅನ್ನುತ್ತಿದ್ದಾಳೆ, ಮಂಚದ ಪಕ್ಕಕ್ಕೆ. ಅದರಲ್ಲಿ ಏನು ಹೇಳುತ್ತಾಳೋ, ಇನ್ನೂ ನನಗೆ ಹೇಳಿಲ್ಲ.