ಒಂದು ಕೋಣೆಯ ಸೆಲ್ಲೋ, ಎರಡು ಕೋಣೆಯದೋ? ಕೊಳೆತ ಸಿಪ್ಪೆಯಿಂದ ಹೈಡ್ರೋಜನ್ ತೆಗೆದು ನೋಡಿದ ಲೆಕ್ಕ

ಮೈಕ್ರೋಬಿಯಲ್ ಎಲೆಕ್ಟ್ರಾಲಿಸಿಸ್ ಸೆಲ್ ಅಂದರೆ ಬ್ಯಾಕ್ಟೀರಿಯಾ ಮತ್ತು ಸ್ವಲ್ಪ ವಿದ್ಯುತ್ ಸೇರಿ ಕೊಳೆನೀರಿನಿಂದ ಹೈಡ್ರೋಜನ್ ತೆಗೆಯುವ ಡಬ್ಬಿ. ಅದನ್ನು ಎರಡು ಬಗೆಯಲ್ಲಿ ಕಟ್ಟಬಹುದು. ಆನೋಡ್, ಕ್ಯಾಥೋಡ್ ಎಂಬ ಎರಡು ವಿದ್ಯುದ್ವಾರಗಳನ್ನೂ ಒಂದೇ ಡಬ್ಬಿಯಲ್ಲಿ ಮುಳುಗಿಸುವುದು ಒಂದು ಬಗೆ. ನಡುವೆ ಮೆಂಬ್ರೇನ್ (ಆಯ್ದ ಕಣಗಳನ್ನಷ್ಟೇ ಬಿಡುವ ತೆಳು ಪೊರೆ) ಹಾಕಿ ಎರಡು ಕೋಣೆ ಮಾಡುವುದು ಇನ್ನೊಂದು. ನಾನು ಪ್ರಯೋಗಾಲಯದಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ನಾಲ್ಕು ತಿಂಗಳು ನಡೆಸಿದೆ. ಎರಡಕ್ಕೂ ಒಂದೇ ತರಹದ ಕಾರ್ಬನ್ ನಾರಿನ ಬ್ರಷ್ ಆನೋಡ್, ಸ್ಟೀಲ್ ಜಾಲರಿಯ ಕ್ಯಾಥೋಡ್, 0.8 ವೋಲ್ಟ್, 30 ಡಿಗ್ರಿ ಬಿಸಿ. ಊಟವೂ ಒಂದೇ: ತರಕಾರಿ ಸಿಪ್ಪೆಯನ್ನು ಮುಚ್ಚಿಟ್ಟು ಹುಳಿ ಬರಿಸಿ ಸೋಸಿದ ನೀರು.

ಹುಳಿ ಬರಿಸುವುದು ಸುಮ್ನೆ ಅಲ್ಲ. ಬರೀ ಹುದುಗಿಸಿದರೆ ಒಂದು ಗ್ಲೂಕೋಸ್ ಅಣುವಿನಿಂದ ಹೆಚ್ಚೆಂದರೆ 4 ಹೈಡ್ರೋಜನ್ ಅಣು ಸಿಗುತ್ತದೆ. ಉಳಿದದ್ದು ಅಸಿಟಿಕ್ ಆಮ್ಲದಲ್ಲಿ ಸಿಕ್ಕಿಕೊಂಡಿರುತ್ತದೆ. ಅದರಲ್ಲಿ ಇನ್ನೂ 8 ಅಣುವಿಗಾಗುವಷ್ಟು ಎಲೆಕ್ಟ್ರಾನ್ ಇದೆ. ಆನೋಡಿಗೆ ಅಂಟಿದ ಜಿಯೋಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾ ಆ ಆಮ್ಲ ತಿಂದು ಎಲೆಕ್ಟ್ರಾನನ್ನು ತಂತಿಗೆ ಬಿಡುತ್ತವೆ. ನಾವು ಹೊರಗಿನಿಂದ ಸ್ವಲ್ಪ ವೋಲ್ಟೇಜ್ ಕೊಟ್ಟು ತಳ್ಳಿದರೆ ಕ್ಯಾಥೋಡಿನಲ್ಲಿ ಹೈಡ್ರೋಜನ್ ಬರುತ್ತದೆ. ಲೆಕ್ಕದ ಪ್ರಕಾರ 0.14 ವೋಲ್ಟ್ ಸಾಕು. ನೀರನ್ನೇ ಒಡೆಯಲು 1.23 ಬೇಕು. ಈ ಅಂತರ ನೋಡಿಯೇ ನಾನು ಈ ಕೆಲಸಕ್ಕೆ ಬಿದ್ದದ್ದು.

ಮೊದಲ ಎರಡು ವಾರ ಒಂದು ಕೋಣೆಯದೇ ಮುಂದಿತ್ತು. ಮೆಂಬ್ರೇನ್ ಅಡ್ಡ ಇಲ್ಲ, ಕರೆಂಟ್ ಸಲೀಸಾಗಿ ಹರಿಯಿತು, 10 ಮಿಲಿಆಂಪ್ ತಲುಪಿತು. ದಿನವಿಡೀ 10 ಮಿಲಿಆಂಪ್ ಹರಿದರೆ ಸುಮಾರು 110 ಮಿಲಿಲೀಟರ್ ಹೈಡ್ರೋಜನ್ ಬರಬೇಕು. ನನಗೆ ಅದಕ್ಕೆ ಹತ್ತಿರವೇ ಬಂತು. ಮೂರನೇ ವಾರ ಗ್ಯಾಸ್ ಇಳಿಯಿತು, ಕರೆಂಟ್ ಮಾತ್ರ ಇಳಿಯಲೇ ಇಲ್ಲ. ಮೀಟರ್ ಕೆಟ್ಟಿದೆ ಅಂದುಕೊಂಡೆ. ಸೋರಿಕೆ ಹುಡುಕಿದೆ. ಕೊನೆಗೆ ಗ್ಯಾಸಿನಲ್ಲಿ ಏನೇನಿದೆ ಎಂದು ಬೇರ್ಪಡಿಸಿ ತೋರಿಸುವ ಕ್ರೊಮ್ಯಾಟೋಗ್ರಾಫ್‌ಗೆ ಹಾಕಿದಾಗ ಮೀಥೇನ್ ಕಾಣಿಸಿತು.

ಆಗಿದ್ದಿಷ್ಟು. ಮೀಥೇನ್ ಮಾಡುವ ಜೀವಿಗಳು ಅದೇ ಡಬ್ಬಿಯಲ್ಲಿ ಬೆಳೆದು ಹೈಡ್ರೋಜನ್ ತಿನ್ನುತ್ತಿದ್ದವು. ನಾಲ್ಕು ಪಾಲು ಹೈಡ್ರೋಜನ್ ತಿಂದರೆ ಒಂದೇ ಪಾಲು ಮೀಥೇನ್. ಹಾಗಾಗಿ ಗ್ಯಾಸಿನ ಗಾತ್ರವೇ ಕುಗ್ಗುತ್ತದೆ. ಸಾಲದ್ದಕ್ಕೆ ಆನೋಡಿನ ಬ್ಯಾಕ್ಟೀರಿಯಾ ಕೂಡ ಬಂದ ಹೈಡ್ರೋಜನ್ನನ್ನು ಮತ್ತೆ ತಿಂದು ಕರೆಂಟ್ ಮಾಡುತ್ತವೆ. ಮೀಟರ್ ಚೆನ್ನಾಗಿ ಕಾಣುತ್ತದೆ, ಡಬ್ಬಿಯೊಳಗೆ ಅದೇ ಎಲೆಕ್ಟ್ರಾನ್ ಸುತ್ತುತ್ತಿರುತ್ತದೆ. ಕರೆಂಟ್ ಹಾಗೇ ಇದ್ದು ಗ್ಯಾಸ್ ಕಮ್ಮಿಯಾದರೆ ಮೊದಲು ಇದನ್ನೇ ಅನುಮಾನಿಸಿ. ಆದರೆ ಬೆಂಕಿಕಡ್ಡಿ ಹಚ್ಚಿ ಪರೀಕ್ಷೆ ಮಾಡಬೇಡಿ. ಗಾಳಿಯಲ್ಲಿ ಶೇ 4 ರಿಂದ 75 ರವರೆಗೆ ಹೈಡ್ರೋಜನ್ ಇದ್ದರೂ ಅದು ಹೊತ್ತಿಕೊಳ್ಳುತ್ತದೆ.

ಮೀಥೇನ್ ಮಾಡುವ ಜೀವಿಗಳಿಗೆ ಗಾಳಿ ಆಗದು. ಅದಕ್ಕೇ ಪ್ರತಿ ಸಲ ನೀರು ಬದಲಿಸುವಾಗ ಡಬ್ಬಿಗೆ ಸ್ವಲ್ಪ ಹೊತ್ತು ಗಾಳಿ ಆಡಿಸಿದೆ. ಕೆಲವು ದಿನ ಹೈಡ್ರೋಜನ್ ಮರಳಿತು, ಆಮೇಲೆ ಮತ್ತೆ ಅದೇ ಕಥೆ. ಅವುಗಳನ್ನು ತಡೆಯುವ ರಾಸಾಯನಿಕ ಇದೆ. ಆದರೆ ಕಸದ ನೀರಿಗೆ ದಿನಾ ಅದನ್ನು ಸುರಿಯುವುದು ನನಗೆ ಸರಿ ಕಾಣಲಿಲ್ಲ.

ಎರಡು ಕೋಣೆಯದರ ಕಷ್ಟ ಬೇರೆ. ಧನ ಅಯಾನ್ (ಧನ ವಿದ್ಯುದಂಶದ ಕಣ) ಬಿಡುವ ಮೆಂಬ್ರೇನ್ ಹಾಕಿದ್ದೆ. ಅದರೊಳಗೆ ಪ್ರೋಟಾನ್ ಹಾಯಬೇಕು ಅಂತ ನಮ್ಮ ಆಸೆ. ಆದರೆ ನೀರಿನಲ್ಲಿ ಸೋಡಿಯಂ, ಪೊಟ್ಯಾಸಿಯಂ, ಅಮೋನಿಯಂ ಪ್ರೋಟಾನಿಗಿಂತ ಲಕ್ಷಪಟ್ಟು ಜಾಸ್ತಿ ಇರುತ್ತವೆ, ಹಾಯುವುದೂ ಅವೇ. ಪ್ರೋಟಾನ್ ಹಿಂದೆಯೇ ಉಳಿದು ಆನೋಡಿನ ಕಡೆ ಪಿಎಚ್ (ಹುಳಿ-ಕ್ಷಾರದ ಅಳತೆ) 6ಕ್ಕೆ ಇಳಿಯಿತು, ಕ್ಯಾಥೋಡಿನ ಕಡೆ 12ಕ್ಕೆ ಏರಿತು. ಒಂದು ಪಿಎಚ್ ವ್ಯತ್ಯಾಸಕ್ಕೆ ಸುಮಾರು 0.06 ವೋಲ್ಟ್ ನಷ್ಟ. ಕೊಟ್ಟ 0.8ರಲ್ಲಿ 0.35ರಷ್ಟು ಇದಕ್ಕೇ ಹೋಯಿತು. ಕರೆಂಟ್ 4 ಮಿಲಿಆಂಪ್ ದಾಟಲಿಲ್ಲ. ಬಂದ ಗ್ಯಾಸ್ ಕಮ್ಮಿ, ನಿಜ. ಆದರೆ ಬಂದದ್ದೆಲ್ಲ ಹೈಡ್ರೋಜನ್ನೇ, ಕೊನೆಯ ವಾರದವರೆಗೂ. ಋಣ ಅಯಾನ್ ಬಿಡುವ ಮೆಂಬ್ರೇನಿಗೆ ಬದಲಿಸಿದ ಮೇಲೆ ಪಿಎಚ್ ಅಂತರ ಕುಗ್ಗಿ ಕರೆಂಟ್ 6ಕ್ಕೆ ಬಂತು. ಎರಡು ತಿಂಗಳಲ್ಲಿ ಮೆಂಬ್ರೇನ್ ಮೇಲೆ ಲೋಳೆ ಕಟ್ಟಿತು. ಬಿಚ್ಚಿ ತೊಳೆಯಬೇಕಾಯಿತು.

ದೊಡ್ಡ ಗಾತ್ರದಲ್ಲೂ ಇದೇ ಕಂಡಿದೆ. ಕ್ಯಾಲಿಫೋರ್ನಿಯಾದಲ್ಲಿ ವೈನ್ ತಯಾರಿಕೆಯ ಕೊಳೆನೀರಿಗೆ 1000 ಲೀಟರಿನ ಒಂದೇ ಕೋಣೆಯ ಸೆಲ್ ಇಟ್ಟರು. 2011ರಲ್ಲಿ ಬಂದ ವರದಿಯಲ್ಲಿ ಗ್ಯಾಸಿನ ಬಹುಪಾಲು ಮೀಥೇನ್. ಇಂಗ್ಲೆಂಡಿನಲ್ಲಿ ಮನೆಗಳ ಕೊಳೆನೀರಿಗೆ ಕ್ಯಾಥೋಡನ್ನು ಬೇರೆ ಮಾಡಿ ಕಟ್ಟಿದ 120 ಲೀಟರಿನ ಸೆಲ್ ಬಹುತೇಕ ಶುದ್ಧ ಹೈಡ್ರೋಜನ್ ಕೊಟ್ಟಿತು. ಆದರೆ ಹಾಕಿದ ವಿದ್ಯುತ್ತಿನ ಶೇ 70ರಷ್ಟು ಶಕ್ತಿ ಮಾತ್ರ ಅದರಲ್ಲಿ ಮರಳಿತು.

ನೀರು ಶುದ್ಧ ಮಾಡುವುದೇ ಮುಖ್ಯ, ಬಯೋಗ್ಯಾಸ್ ಬಂದರೂ ಸಾಕು ಅನ್ನುವವರಿಗೆ ಒಂದು ಕೋಣೆಯೇ ಸರಿ. ಹೈಡ್ರೋಜನ್ನೇ ಬೇಕು ಅಂದರೆ ನಾನು ಎರಡು ಕೋಣೆಯ ಕಡೆ, ಋಣ ಅಯಾನ್ ಮೆಂಬ್ರೇನಿನ ಜೊತೆಗೆ. ಈಗ ಒಂದು ಕೋಣೆಯ ಡಬ್ಬಿಯನ್ನು ಬಿಚ್ಚಿದ್ದೇನೆ. ಅದರ ಬ್ರಷ್ಷಿನಲ್ಲಿ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆದಿತ್ತು. ಅದನ್ನೇ ಎರಡು ಕೋಣೆಯ ಸೆಲ್ಲಿಗೆ ಎರಡನೇ ಆನೋಡಾಗಿ ಹಾಕಿದ್ದೇನೆ.